ಅಕ್ಕೋರ ಟ್ರಂಕಿನಲ್ಲಿ ಮೊದಲು ಉಳಿಸಬೇಕಾದದ್ದು ಯಾವುದು?

ಓದುಗರ ಪ್ರಶ್ನೆ:

“ಶಿರಸಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದ ಅಕ್ಕೋರು ಕಳೆದ ವರ್ಷ ತೀರಿಕೊಂಡರು. ಮಗ, ಮಗಳು ಇಬ್ಬರೂ ದೂರದಲ್ಲಿದ್ದಾರೆ. ಮನೆ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕನ್ನು ಹಳೇ ವಿದ್ಯಾರ್ಥಿಗಳಾದ ನಮಗೆ ಕೊಟ್ಟು, ನೀವೇ ಇಟ್ಟುಕೊಳ್ಳಿ ಅಂದರು. ಅದರಲ್ಲಿ ಅಕ್ಕೋರು ಬಿಡಿಸಿದ ವಾಟರ್ ಕಲರ್ ಚಿತ್ರಗಳಿವೆ. ಜೊತೆಗೆ ನಾವು ಡ್ರಾಯಿಂಗಿನ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಅಭ್ಯಾಸ ಮಾಡಿದ ಹಾಳೆಗಳ ಕಟ್ಟುಗಳಿವೆ. ಅವನ್ನೆಲ್ಲ ಇಷ್ಟು ವರ್ಷ ಇಟ್ಟುಕೊಂಡಿದ್ದರು ಅಂತ ನಮಗೆ ಗೊತ್ತೇ ಇರಲಿಲ್ಲ.

ಅಕ್ಕೋರು ನಮ್ಮ ಚಿತ್ರದ ಮೇಲೆ ಯಾವತ್ತೂ ಗೆರೆ ಎಳೆಯುತ್ತಿರಲಿಲ್ಲ. ತಪ್ಪಿದ್ದರೆ ಪಕ್ಕದ ಖಾಲಿ ಜಾಗದಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿ ಅದನ್ನೇ ಬಿಡಿಸಿ, ಈಗ ಮತ್ತೊಂದು ಸಲ ಚೊಂಬು ನೋಡು, ಹಾಳೆ ನೋಡಬೇಡ ಅನ್ನುತ್ತಿದ್ದರು. ನಾನು ಇವತ್ತು ಮನೆ ನಕ್ಷೆ ಬರೆದು ಬದುಕುತ್ತಿದ್ದೇನೆ. ಗೆಳತಿಯೊಬ್ಬಳು ಹಲ್ಲಿನ ಡಾಕ್ಟರು. ಕೈಗಿಂತ ಮೊದಲು ಕಣ್ಣಿಗೆ ಕೆಲಸ ಕೊಡೋದು ಅಕ್ಕೋರಿಂದ ಬಂತು ಅಂತ ಇಬ್ಬರೂ ಹೇಳುತ್ತೇವೆ.

ಈ ಮಳೆಗಾಲದಲ್ಲಿ ಟ್ರಂಕು ತೆಗೆದು ನೋಡಿದರೆ ಬಿಳಿ ಬೂಷ್ಟು, ಕಂದು ಚುಕ್ಕೆ, ಹಳದಿಯಾದ ಸೆಲ್ಲೋಟೇಪು. ಕೆಲವು ಹಾಳೆ ಒಂದಕ್ಕೊಂದು ಅಂಟಿಕೊಂಡಿವೆ. ಗುಂಪಿನಲ್ಲಿ ಒಬ್ಬರು ಎಲ್ಲಾ ಲ್ಯಾಮಿನೇಷನ್ ಮಾಡಿಸೋಣ ಅಂತಾರೆ. ತೋಟ ಇರುವವರೊಬ್ಬರು ಮೈಲುತುತ್ತದ ನೀರು ಒರೆಸಿದರೆ ಬೂಷ್ಟು ಸಾಯುತ್ತೆ ಅಂತಾರೆ. ಚೆನ್ನಾಗಿ ಚಿತ್ರ ಬರೆಯುವ ಇನ್ನೊಬ್ಬರು ಮಾಸಿದ ಬಣ್ಣ ತಾವೇ ತುಂಬಿಕೊಡುತ್ತಾರಂತೆ. ಅಂಚು ಕತ್ತರಿಸಿ ಒಂದೇ ಅಳತೆ ಮಾಡಿ ಕಟ್ಟು (ಫ್ರೇಮ್) ಹಾಕಿಸಿ, ಮಾರಿಕಾಂಬಾ ಜಾತ್ರೆ ಹೊತ್ತಿಗೆ ಶಾಲೆಯಲ್ಲಿ ಪ್ರದರ್ಶನ ಇಡಬೇಕು, ಒಂದು ಪುಸ್ತಕವೂ ಬರಬೇಕು ಅಂತ ಎಲ್ಲರ ಆಸೆ. ನನಗೆ ಮಾತ್ರ ಕೈ ಹಾಕಲು ಭಯ. ಏನು ಮಾಡೋದು?”

ತಜ್ಞರ ಉತ್ತರ:

ನಿಮ್ಮ ಭಯ ಸರಿಯಾಗಿಯೇ ಇದೆ, ಅದನ್ನು ಗುಂಪಿನವರಿಗೂ ಸ್ವಲ್ಪ ಹಂಚಿ. ಕಾಗದದ ಮೇಲಿನ ಚಿತ್ರ ಮತ್ತು ಹಳೇ ದಾಖಲೆಗಳನ್ನು ಉಳಿಸುವುದೇ ನನ್ನ ಕೆಲಸ. ನನ್ನ ಮೇಜಿಗೆ ಬರುವ ಹಾಳೆಗಳಲ್ಲಿ ಅತಿ ಕಷ್ಟ ಕೊಡುವುದು ಯಾರೋ ಪ್ರೀತಿಯಿಂದ ಒಮ್ಮೆ ರಿಪೇರಿ ಮಾಡಿದ ಹಾಳೆಗಳೇ. ಬೂಷ್ಟು ಹಿಡಿದ ಕಾಗದಕ್ಕೆ ಏನಾದರೂ ದಾರಿ ಇರುತ್ತದೆ. ಲ್ಯಾಮಿನೇಷನ್ ಆದ ಕಾಗದಕ್ಕೆ ಹೆಚ್ಚಿನ ಸಲ ಇರುವುದಿಲ್ಲ.

ಪತ್ರದಲ್ಲಿ ಎರಡು ಚಿಂತೆ ಸೇರಿಕೊಂಡಿವೆ. ಹಾಳೆಗಳು ಹಾಳಾಗುತ್ತಿವೆ, ಬೇಗ ಏನಾದರೂ ಮಾಡಬೇಕು ಅನ್ನುವುದು ಒಂದು. ಮಾಡಲು ಹೋಗಿ ಅಕ್ಕೋರ ಗುರುತೇ ಅಳಿಸಿಹೋದರೆ ಅನ್ನುವುದು ಇನ್ನೊಂದು. ನೀವು ಎರಡನೆಯದನ್ನು ಬಾಯಿಬಿಟ್ಟು ಹೇಳಿಲ್ಲ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಏನನ್ನು ಉಳಿಸಬೇಕು ಅಂತ ತೀರ್ಮಾನವಾಗದೆ ಹೇಗೆ ಉಳಿಸಬೇಕು ಅಂತ ಹೇಳಲಾಗದು.

ಟ್ರಂಕಿನಲ್ಲಿರುವುದು ಎರಡು ಬೇರೆ ಬೇರೆ ಸಂಗ್ರಹ. ಅಕ್ಕೋರ ವಾಟರ್ ಕಲರ್ ಚಿತ್ರಗಳು ಒಂದು. ನಿಮ್ಮೆಲ್ಲರ ಅಭ್ಯಾಸದ ಹಾಳೆಗಳು ಇನ್ನೊಂದು. ಎಲ್ಲರ ಕಣ್ಣೂ ಮೊದಲು ಹೋಗುವುದು ಚಿತ್ರಗಳ ಕಡೆಗೆ. ನನ್ನನ್ನು ಕೇಳಿದರೆ ಮೊದಲು ಉಳಿಸಬೇಕಾದದ್ದು ಅಭ್ಯಾಸದ ಹಾಳೆ. ಅದರಲ್ಲೂ ನೀವು ಕತ್ತರಿಸಿ ಎಸೆಯಲು ಹೊರಟಿರುವ ಅಂಚು. ಅಕ್ಕೋರು ಲೋಕವನ್ನು ಹೇಗೆ ನೋಡಿದರು ಅನ್ನುವುದು ಅವರ ಚಿತ್ರಗಳಲ್ಲಿ ಸಿಗುತ್ತದೆ. ನಿಮಗೆ ನೋಡುವುದನ್ನು ಹೇಗೆ ಕಲಿಸಿದರು ಅನ್ನುವುದು ಆ ಹೆಬ್ಬೆರಳಿನಷ್ಟು ಚಿತ್ರಗಳಲ್ಲಿ ಮಾತ್ರ ಇದೆ. ಹಲ್ಲಿನ ಡಾಕ್ಟರಾದ ನಿಮ್ಮ ಗೆಳತಿ ಹೇಳಿದ ಮಾತಿಗೆ ಸಾಕ್ಷಿ ಬೇಕೆಂದರೆ, ಅದು ಚೊಂಬಿನ ಚಿತ್ರದ ಪಕ್ಕದ ಆ ಖಾಲಿ ಜಾಗದಲ್ಲಿದೆ.

ಶಾಂತಿನಿಕೇತನದ ಕಲಾಭವನದಲ್ಲಿ ಕಲಿಸುತ್ತಿದ್ದ ನಂದಲಾಲ್ ಬೋಸ್ ಅವರು ವಿದ್ಯಾರ್ಥಿಗಳಿಗೆ, ಸ್ನೇಹಿತರಿಗೆ ಪೋಸ್ಟ್‌ಕಾರ್ಡಿನ ಮೇಲೆ ಪುಟ್ಟ ಪುಟ್ಟ ಚಿತ್ರ ಬಿಡಿಸಿ ಕಳಿಸುತ್ತಿದ್ದರು. ಆಡು, ಮರ, ದಾರಿಯಲ್ಲಿ ಕಂಡ ಮನುಷ್ಯ, ಏನು ಬೇಕಾದರೂ. ಪಡೆದವರು ಅವನ್ನು ಅಂಚೆ ಮುದ್ರೆ, ವಿಳಾಸದ ಸಮೇತ ಹಾಗೇ ಇಟ್ಟುಕೊಂಡರು. ಅಂದವಾಗಲಿ ಅಂತ ಯಾರಾದರೂ ಮುದ್ರೆ ಇರುವ ಭಾಗ ಕತ್ತರಿಸಿದ್ದರೆ, ಇವತ್ತು ಅದು ಯಾರಿಗೆ, ಯಾವಾಗ, ಎಲ್ಲಿಂದ ಹೋಯಿತು ಅಂತ ಹೇಳಲು ಆಗುತ್ತಿರಲಿಲ್ಲ.

ಹಾಗಾಗಿ ಮೊದಲ ಮಾತು: ಕತ್ತರಿ ಬದಿಗಿಡಿ. ಕಟ್ಟಿನ ಅಳತೆಗೆ ಹಾಳೆ ಬಗ್ಗಬಾರದು, ಹಾಳೆಯ ಅಳತೆಗೆ ಕಟ್ಟು ಮಾಡಿಸಿಕೊಳ್ಳಿ. ಹಾಳೆಯ ಹಿಂಬದಿಯನ್ನೂ ನೋಡಿ. ಹೆಸರು, ತರಗತಿ, ತಾರೀಕು, ಅಕ್ಕೋರ ಸಹಿ ಅಲ್ಲಿರಬಹುದು. ಹಿಂದೆ ರಟ್ಟು ಅಂಟಿಸಿದರೆ ಅದೂ ಹೋಯಿತು. ಇನ್ನೊಂದು, ಚೆನ್ನಾಗಿರುವುದು ಮತ್ತು ಚೆನ್ನಾಗಿಲ್ಲದ್ದು ಅಂತ ವಿಂಗಡಿಸಲು ಹೋಗಬೇಡಿ. ಅಕ್ಕೋರು ಕಟ್ಟಿಟ್ಟ ಕ್ರಮದ ಫೋಟೋ ಮೊದಲು ತೆಗೆಯಿರಿ. ಆಮೇಲೆ ಒಬ್ಬೊಬ್ಬ ವಿದ್ಯಾರ್ಥಿಯ ಹಾಳೆಗಳನ್ನು ಒಟ್ಟಿಗೆ, ತಾರೀಕಿನ ಪ್ರಕಾರ ಇಡಿ. ಎಂಟನೇ ಕ್ಲಾಸಿನಲ್ಲಿ ಸೊಟ್ಟ ಇದ್ದ ಚೊಂಬಿನ ಬಾಯಿ ಹತ್ತನೇ ಕ್ಲಾಸಿಗೆ ನೆಟ್ಟಗಾಗುವುದು, ಅಂಚಿನ ಚಿತ್ರಗಳು ಬರಬರುತ್ತಾ ಕಡಿಮೆಯಾಗುವುದು ಕಾಣಿಸಿದರೆ ಆಶ್ಚರ್ಯವಿಲ್ಲ. ಒಳ್ಳೇ ಟೀಚರು ನಿಧಾನಕ್ಕೆ ಹಿಂದೆ ಸರಿಯುವುದು ಹಾಗೆಯೇ ಅಲ್ವಾ?

ಈಗ ಕಾಗದಕ್ಕೆ ಏನಾಗಿದೆ ಅನ್ನುವುದಕ್ಕೆ ಬರೋಣ.

ಶಾಲೆಯ ಡ್ರಾಯಿಂಗ್ ಹಾಳೆಗಳು ಹೆಚ್ಚಾಗಿ ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ. ಶಾಯಿ ಹರಡದಿರಲಿ ಅಂತ ಹಿಂದೆ ಅದಕ್ಕೆ ರಾಳ ಮತ್ತು ಪಟಿಕದಂಥ ವಸ್ತು ಸೇರಿಸುತ್ತಿದ್ದರು. ವರ್ಷಗಳು ಹೋದಂತೆ ಇದರಿಂದ ಆಮ್ಲ ಹುಟ್ಟಿ ಕಾಗದದ ನಾರನ್ನು ಒಳಗಿಂದಲೇ ತುಂಡರಿಸುತ್ತದೆ. ಹಳದಿಯಾಗುವುದು, ಮಡಚಿದರೆ ಮುರಿಯುವುದು ಅದರಿಂದ. ಅಕ್ಕೋರು ತಮ್ಮ ಚಿತ್ರಗಳಿಗೆ ಹತ್ತಿಯ ನಾರಿನ ಕಾಗದ ಬಳಸಿದ್ದರೆ ಅವು ಇನ್ನೂ ಗಟ್ಟಿಯಾಗಿರುತ್ತವೆ. ಒಂದೇ ಟ್ರಂಕಿನಲ್ಲಿ ಒಂದು ಹಾಳೆ ಹಪ್ಪಳವಾಗಿ ಇನ್ನೊಂದು ಬೆಳ್ಳಗಿರುವುದಕ್ಕೆ ಇದೇ ಕಾರಣ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಕೆಟ್ಟ ಕಾಗದದ ಆಮ್ಲ ಒಳ್ಳೆಯದಕ್ಕೂ ಇಳಿಯುತ್ತದೆ. ಬೇರೆ ಬೇರೆ ಇಡಿ.

ಬೂಷ್ಟಿಗೆ ಬೇಕಾದದ್ದು ತೇವ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೇ ನಿಂತರೆ ಅದು ಬೆಳೆಯತೊಡಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಕಾಗದದ ಮೇಲಿನ ಗೋಂದು, ಗಂಜಿ, ಬಣ್ಣದ ಅಂಟು ಅದಕ್ಕೆ ಊಟ. ಕಂದು ಚುಕ್ಕೆಗಳು ಸ್ವಲ್ಪ ಬೂಷ್ಟಿನಿಂದ, ಸ್ವಲ್ಪ ಕಾಗದದಲ್ಲೇ ಸೇರಿಕೊಂಡ ಕಬ್ಬಿಣದ ಕಣಗಳಿಂದ ಬರುತ್ತವೆ. ಅವನ್ನು ಮನೆಯಲ್ಲಿ ತೆಗೆಯಲಾಗದು. ತೆಗೆಯಲೇಬೇಕು ಅಂತಲೂ ಇಲ್ಲ. ಚುಕ್ಕೆ ಇದ್ದರೆ ಇರಲಿ ಬಿಡಿ, ವಯಸ್ಸಾದ ಕಾಗದ ಅದು.

ಬಿಳಿಯಾಗಿ ಕಾಣುವುದೆಲ್ಲ ಬೂಷ್ಟು ಅಂದುಕೊಳ್ಳಬೇಡಿ. ಕ್ರೆಯಾನ್, ಆಯಿಲ್ ಪೇಸ್ಟಲ್ ಹಚ್ಚಿದ ಕಡೆ ಮಾತ್ರ ಮಂಜಿನಂಥ ತೆಳು ಬಿಳುಪು ಕಂಡರೆ, ಅದು ಬಣ್ಣದೊಳಗಿನ ಮೇಣ, ಕೊಬ್ಬಿನ ಅಂಶ ಮೇಲೆ ಬಂದದ್ದಿರಬಹುದು. ಭೂತಗನ್ನಡಿ ಹಿಡಿದು ನೋಡಿ. ಬೂಷ್ಟಿಗೆ ಸಣ್ಣ ಕೂದಲಿನಂಥ ಎಳೆಗಳಿರುತ್ತವೆ, ಬಣ್ಣದ ಗಡಿ ದಾಟಿ ಖಾಲಿ ಕಾಗದಕ್ಕೂ ಹಬ್ಬಿರುತ್ತದೆ. ಮೇಣ ಹಾಗಲ್ಲ, ಬಣ್ಣ ಇರುವಲ್ಲಿಗೆ ನಿಲ್ಲುತ್ತದೆ. ಅದರಿಂದ ಚಿತ್ರಕ್ಕೆ ಹಾನಿ ಕಡಿಮೆ, ಸುಮ್ನೆ ಬಿಡಬಹುದು.

ಒಂದು ಸಮಾಧಾನದ ವಿಷಯವೂ ಇದೆ. ಅಂಚಿನ ಚಿತ್ರಗಳು ಪೆನ್ಸಿಲಿನಲ್ಲಿದ್ದರೆ ಬಣ್ಣಗಳಿಗಿಂತ ಹೆಚ್ಚು ಬಾಳುತ್ತವೆ. ಪೆನ್ಸಿಲಿನ ಗ್ರಾಫೈಟ್ ಅಂದರೆ ಇಂಗಾಲ. ಬೆಳಕಿಗೆ ಮಾಸುವುದಿಲ್ಲ, ನೀರಿಗೆ ಕರಗುವುದಿಲ್ಲ. ಅದಕ್ಕಿರುವ ಶತ್ರು ಉಜ್ಜಾಟ ಮತ್ತು ರಬ್ಬರು. ಹಾಳೆ ಕ್ಲೀನ್ ಮಾಡೋಣ ಅಂತ ಯಾರೂ ರಬ್ಬರ್ ಹಿಡಿಯದಂತೆ ನೋಡಿಕೊಳ್ಳಿ. ಕೆಂಪು ಬಾಲ್‌ಪೆನ್ನಿನಲ್ಲಿ ಬರೆದಿದ್ದರೆ ಕತೆ ಬೇರೆ. ಅದರ ಬಣ್ಣ ಬೆಳಕಿಗೆ ಮಾಸುತ್ತದೆ, ಸ್ಪಿರಿಟ್ ಅಥವಾ ಸ್ಯಾನಿಟೈಸರ್ ತಾಗಿದರೆ ಹರಡಿಹೋಗುತ್ತದೆ. ಸ್ಕೆಚ್ ಪೆನ್ನು ನೀರಿಗೂ ಕರಗುತ್ತದೆ, ಬೆಳಕಿಗೂ ಬೇಗ ಹೋಗುತ್ತದೆ. ವಾಟರ್ ಕಲರಿಗೆ ಅಂಟಾಗಿರುವುದು ಗಮ್ ಅರೇಬಿಕ್, ಅಂದರೆ ಒಂದು ಜಾಲಿ ಮರದ ಗೋಂದು. ಎಷ್ಟು ವರ್ಷ ಒಣಗಿದ್ದರೂ ನೀರು ತಾಗಿದ ಕೂಡಲೇ ಅದು ಮತ್ತೆ ಕರಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವ ಯಾವ ಸಲಹೆಗೂ ಇದೇ ಉತ್ತರ.

ಮೈಲುತುತ್ತದ ಮಾತನ್ನು ನಾನು ತಮಾಷೆ ಮಾಡುವುದಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವವರಿಗೆ ಅದು ಬೂಷ್ಟು ಕೊಲ್ಲುತ್ತದೆ ಅಂತ ಅನುಭವದಿಂದಲೇ ಗೊತ್ತು. ಪುಸ್ತಕ ಕಟ್ಟುವ ಗಂಜಿಗೆ ಹುಳ ಬರದಿರಲಿ ಅಂತ ಅದನ್ನು ಸೇರಿಸುವ ಪದ್ಧತಿಯೂ ಇತ್ತು. ಆದರೆ ಅದರೊಳಗಿನ ತಾಮ್ರ ಕಾಗದ ಕೆಡುವುದನ್ನು ಇನ್ನೂ ಜೋರು ಮಾಡುತ್ತದೆ. ತಾಮ್ರ ತಾಗಿದ ಕಡೆ ಕಾಗದ ಕಂದಾಗಿ ಪುಡಿಯಾಗುತ್ತದೆ. ಅದು ತೋಟದಲ್ಲೇ ಇರಲಿ.

ಬಿಸಿಲಿಗೆ ಹಾಕುವುದೂ ಬೇಡ. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ, ನೆತ್ತಿಯ ಮೇಲಿನ ಬಿಸಿಲು 1 ಲಕ್ಷ ಲಕ್ಸ್‌ನ ಆಸುಪಾಸು ಇರುತ್ತದೆ. ಮ್ಯೂಸಿಯಂಗಳು ವಾಟರ್ ಕಲರ್ ಚಿತ್ರಕ್ಕೆ ಸುಮಾರು 50 ಲಕ್ಸ್ ಸಾಕು ಅನ್ನುತ್ತವೆ. ಹಪ್ಪಳ ಒಣಗಿಸುವ ಚಾಪೆಯ ಮೇಲೆ ಚಿತ್ರ ಹರವಿದರೆ ಏನಾಗುತ್ತದೆ ಅಂತ ಇದರಿಂದಲೇ ಗೊತ್ತಾಗುತ್ತದೆ. ಬೂಷ್ಟು ಒಣಗಬಹುದು, ಅದರ ಬೀಜಾಣು ಕಾಗದದಲ್ಲೇ ಉಳಿಯುತ್ತವೆ, ಬಣ್ಣ ಮಾತ್ರ ಹೋಗುತ್ತದೆ.

ಬೇವಿನ ಎಲೆ, ಭಜೆ ಬೇರು, ನುಸಿಗುಳಿಗೆಗಳ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಇವು ಕೆಲವು ಹುಳಗಳನ್ನು ದೂರ ಇಡಬಹುದು, ಬೂಷ್ಟನ್ನು ತಡೆಯುವುದಿಲ್ಲ. ಹಸಿ ಎಲೆ ಹಾಕಿದರೆ ಟ್ರಂಕಿಗೆ ನೀವೇ ತೇವ ಹಾಕಿದಂತೆ, ಜೊತೆಗೆ ಎಲೆಯ ಕಲೆಯೂ ಬರುತ್ತದೆ. ಕೆಂಪು ಬಟ್ಟೆಯಲ್ಲಿ ಸುತ್ತುವ ಹಳೇ ರೂಢಿ ತಾಳೆಗರಿಗೆ ನಡೆದಿರಬಹುದು. ಇಲ್ಲಿ ಬಟ್ಟೆ ಒದ್ದೆಯಾದರೆ ಅದರ ಬಣ್ಣ ಚಿತ್ರಕ್ಕೆ ಇಳಿಯುತ್ತದೆ. ಒಗೆದು ಒಣಗಿಸಿದ ಬಿಳಿ ಕಾಟನ್ ಬಟ್ಟೆ ಸಾಕು.

ಲ್ಯಾಮಿನೇಷನ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಮೂಲ ಹಾಳೆಗೆ ಬೇಡವೇ ಬೇಡ. ಅಂಗಡಿಯ ಯಂತ್ರ 100 ಡಿಗ್ರಿಗೂ ಮೇಲೆ ಬಿಸಿ ಮಾಡಿ ಪ್ಲಾಸ್ಟಿಕ್ಕಿನ ಅಂಟನ್ನು ಕರಗಿಸಿ ಒತ್ತುತ್ತದೆ. ಹೋಳಿಗೆಗೆ ತುಪ್ಪ ಇಳಿದ ಹಾಗೆ ಅಂಟು ಕಾಗದದ ನಾರಿನೊಳಗೆ ಇಳಿಯುತ್ತದೆ, ಆಮೇಲೆ ಬೇರೆ ಮಾಡಲು ಬರುವುದಿಲ್ಲ. ಕ್ರೆಯಾನ್ ಇದ್ದರೆ ಕರಗಿ ಹರಡುತ್ತದೆ. ಕಾಗದದ ಆಮ್ಲ ಒಳಗೇ ಸಿಕ್ಕಿಬಿದ್ದು ತನ್ನ ಕೆಲಸ ಮುಂದುವರಿಸುತ್ತದೆ. ಹೊರಗಿನಿಂದ ಮಾತ್ರ ಫಳಫಳ ಅನ್ನುತ್ತದೆ. ಪ್ಲಾಸ್ಟಿಕ್ ರಕ್ಷಣೆ ಬೇಕೇ ಬೇಕು ಅಂದರೆ ಪಾಲಿಯೆಸ್ಟರ್ ಹಾಳೆಗಳ ನಡುವೆ ಚಿತ್ರ ಇಟ್ಟು, ಚಿತ್ರಕ್ಕೆ ಏನೂ ಅಂಟದಂತೆ ಪ್ಲಾಸ್ಟಿಕ್ಕಿನ ಅಂಚನ್ನಷ್ಟೇ ಮುಚ್ಚುವ ವಿಧಾನ ಇದೆ. ಬೇಕಾದಾಗ ಬಿಚ್ಚಬಹುದು. ಆದರೆ ಇದ್ದಿಲು, ಪೇಸ್ಟಲ್‌ನಂಥ ಪುಡಿ ಬಣ್ಣದ ಚಿತ್ರಕ್ಕೆ ಅದೂ ಆಗದು. ಪ್ಲಾಸ್ಟಿಕ್ಕಿನ ಸ್ಥಾಯಿ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

ಹಾಗಾದರೆ ಈಗ ಏನು ಮಾಡಬಹುದು? ಮಳೆ ಇರುವವರೆಗೆ ಆದಷ್ಟು ಕಡಿಮೆ. ಟ್ರಂಕನ್ನು ನೆಲದಿಂದ ಎತ್ತಿ ಹಲಗೆಯ ಮೇಲಿಡಿ, ಹೊರಗಿನ ಗೋಡೆಗೆ ತಾಗಿಸಬೇಡಿ. ಒಲೆಯ ಮೇಲಿನ ಅಟ್ಟ ಒಣ ಜಾಗ ಅಂತ ಹಳಬರು ಹೇಳಬಹುದು. ಒಣ ಹೌದು, ಆದರೆ ಹೊಗೆಯ ಮಸಿ ಕಾಗದಕ್ಕೆ ಒಳ್ಳೆಯದಲ್ಲ. ಬೂಷ್ಟು ಹಿಡಿದ ಹಾಳೆಗಳನ್ನು ಬೇರೆ ಮಾಡಿ, ಮನೆಯೊಳಗೆ ನೆರಳಲ್ಲಿ ಹರವಿ. ಫ್ಯಾನಿನ ಗಾಳಿ ಕೋಣೆಯಲ್ಲಿ ಓಡಾಡಲಿ, ನೇರ ಹಾಳೆಯ ಮೇಲೆ ಬೀಳದಿರಲಿ. ಒದ್ದೆ ಬೂಷ್ಟನ್ನು ಮುಟ್ಟಬೇಡಿ, ಉಜ್ಜಿದರೆ ನಾರಿನೊಳಗೆ ಹೋಗುತ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆ ಎನ್-95 ಮಾಸ್ಕ್, ಕೈಗವಸು ಹಾಕಿಕೊಂಡು ಜಗಲಿಯಲ್ಲಿ, ಮೆತ್ತನೆ ಬ್ರಷ್ಷಿನಿಂದ ನಿಮ್ಮಿಂದ ಆಚೆಗೆ ಮೆಲ್ಲಗೆ ತಳ್ಳಿ. ಅಸ್ತಮಾ, ಅಲರ್ಜಿ ಇರುವವರು ಈ ಕೆಲಸಕ್ಕೆ ಬರುವುದು ಬೇಡ. ಬಣ್ಣ ಏಳುತ್ತಿರುವ ಜಾಗದಲ್ಲಿ ಬ್ರಷ್ಷೂ ಬೇಡ. ಪೋಸ್ಟರ್ ಕಲರ್ ಚಿತ್ರಗಳಲ್ಲಿ ಬಣ್ಣ ಸಣ್ಣ ಚಕ್ಕೆಯಾಗಿ ಉದುರುವುದು ಸಾಮಾನ್ಯ.

ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ಸೆಲ್ಲೋಟೇಪನ್ನೂ ಕೀಳಬೇಡಿ, ಪೆಟ್ರೋಲು, ತಿನ್ನರ್ ಹಚ್ಚಬೇಡಿ. ಟೇಪಿನ ಅಂಟು ವರ್ಷಗಳ ಹಿಂದೆಯೇ ಕಾಗದಕ್ಕೆ ಇಳಿದಿದೆ, ಇನ್ನು ಕೆಲವು ತಿಂಗಳಿಗೆ ಏನೂ ಕಳೆದುಹೋಗುವುದಿಲ್ಲ. ಹರಿದದ್ದನ್ನು ಫೆವಿಕಾಲ್ ಹಾಕಿ ಜೋಡಿಸಬೇಡಿ. ನಾವು ಬಳಸುವುದು ಗೋಧಿ ಪಿಷ್ಟದ ತೆಳು ಅಂಟು ಮತ್ತು ಉದ್ದ ನಾರಿನ ಜಪಾನಿ ಕಾಗದ. ಮುಂದೆ ಬೇಕಾದರೆ ನೀರಿನಿಂದ ಬಿಡಿಸಬಹುದು ಅನ್ನುವುದೇ ಅದರ ಗುಣ.

ಇಡುವುದಕ್ಕೆ ಆಮ್ಲ ಇಲ್ಲದ ಕಾಗದದ ಫೋಲ್ಡರ್, ನಡುವೆ ಆಮ್ಲ ಇಲ್ಲದ ಟಿಶ್ಯೂ. ದಿನಪತ್ರಿಕೆ ನಡುವೆ ಹಾಕುವುದು ಬೇಡ. ತಗಡಿನ ಟ್ರಂಕು ಕೆಟ್ಟ ಜಾಗವೇನಲ್ಲ, ಇಲಿ, ಗೆದ್ದಲು ಬರುವುದಿಲ್ಲ. ತುಕ್ಕು ಇದ್ದರೆ ಮಾತ್ರ ಒಳಗೆ ದಪ್ಪ ಒಳ್ಳೇ ಕಾಗದದ ಪದರ ಹಾಕಿ. ಸಿಲಿಕಾ ಜೆಲ್ ಇಡಬಹುದು. ಆದರೆ ಅದು ತೇವ ಕುಡಿದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಒಣಗಿಸಬೇಕು. ಟ್ರಂಕಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ನೀವು ಒಣಗಿಸುತ್ತಿರುವುದು ಶಿರಸಿಯ ಮಳೆಗಾಲವನ್ನೇ. ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ಒಳಗಿಟ್ಟರೆ ಊಹೆ ಮಾಡುವ ಕೆಲಸ ತಪ್ಪುತ್ತದೆ.

ಮಾಸಿದ ಬಣ್ಣ ತುಂಬುವ ಗೆಳೆಯರ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಅವರಿಗೆ ಬೇಸರವಾಗದಂತೆ ಹೇಳಬೇಕು. ಅವರ ಕೈ ಎಷ್ಟೇ ಚೆನ್ನಾಗಿದ್ದರೂ ಅಕ್ಕೋರ ಗುಲಾಬಿ ಬಣ್ಣದ ಮೇಲೆ ಅವರ ಗುಲಾಬಿ ಬಿದ್ದ ಕ್ಷಣದಿಂದ ಆ ಚಿತ್ರದಲ್ಲಿ ಇಬ್ಬರಾಗುತ್ತಾರೆ. ಮುಂದೆ ನೋಡುವವರಿಗೆ ಯಾವುದು ಯಾರದು ಅಂತ ಗೊತ್ತಾಗದು. ಗುಲಾಬಿ, ಕಡುಗೆಂಪು ಬಣ್ಣಗಳು ವಾಟರ್ ಕಲರಿನಲ್ಲಿ ಬೇಗ ಹೋಗುತ್ತವೆ, ಅಲಿಜರಿನ್ ಕ್ರಿಮ್ಸನ್ ಅದಕ್ಕೆ ಹೆಸರುವಾಸಿ. ಹಾಗಾಗಿ ಸಂಜೆಯ ಆಕಾಶ ಈಗ ಬೂದಿಯಾಗಿ ಕಂಡರೆ ಅದು ಅಕ್ಕೋರು ಹಾಕಿದ ಬೂದಿಯಲ್ಲ. ನಮ್ಮ ಕೆಲಸದಲ್ಲಿ ಬಣ್ಣ ಸೇರಿಸುವುದಿದ್ದರೆ ಅದು ಕಾಗದವೇ ಹರಿದು ಹೋದ ಜಾಗದಲ್ಲಿ ಮಾತ್ರ, ಅದೂ ಹೊಸದಾಗಿ ಸೇರಿಸಿದ ಕಾಗದದ ಮೇಲೆ, ಮುಂದೆ ತೆಗೆಯಲು ಬರುವಂತೆ. ಉಳಿದಿರುವ ಮೂಲ ಬಣ್ಣದ ಮೇಲೆ ಒಂದು ಹನಿಯೂ ಇಲ್ಲ.

ಆ ಗೆಳೆಯರಿಗೆ ಬೇರೆ ಕೆಲಸ ಕೊಡಿ. ಮಾಸಿದ ಚಿತ್ರಗಳನ್ನು ಹೊಸ ಹಾಳೆಯ ಮೇಲೆ ನೋಡಿ ಬರೆಯಲಿ, ಮೊದಲು ಹೇಗಿದ್ದಿರಬಹುದು ಅಂತ ತಮ್ಮ ನೆನಪಿನಿಂದ ಬಣ್ಣ ಹಾಕಲಿ, ಕೆಳಗೆ ತಮ್ಮ ಹೆಸರು ಬರೆಯಲಿ. ಅಕ್ಕೋರ ಹತ್ತಿರ ಕಲಿತವರೊಬ್ಬರು ಅವರ ಚಿತ್ರ ನಕಲು ಮಾಡುವುದು ಅಂದರೆ ಅದೇ ಒಂದು ಒಳ್ಳೇ ಪ್ರದರ್ಶನ ವಸ್ತು. ನನಗಂತೂ ಅದನ್ನು ಪಕ್ಕದಲ್ಲಿಟ್ಟು ನೋಡುವ ಆಸೆ.

ಫೋಟೋ ತೆಗೆಯುವ ಕೆಲಸವನ್ನು ಮಾತ್ರ ಮುಂದೂಡಬೇಡಿ. ಮಳೆಯಲ್ಲೂ ಮಾಡಬಹುದಾದ ಕೆಲಸ ಅದು. ಒಂದು ಎಚ್ಚರಿಕೆ. ಮೊಬೈಲಿನ ಸ್ಕ್ಯಾನಿಂಗ್ ಆ್ಯಪ್‌ಗಳು ದಾಖಲೆ ಪತ್ರಕ್ಕಾಗಿ ಮಾಡಿದವು. ಅಂಚನ್ನು ತಾವೇ ಕತ್ತರಿಸಿ, ಹಿನ್ನೆಲೆಯನ್ನು ಬೆಳ್ಳಗೆ ಮಾಡಿಬಿಡುತ್ತವೆ. ತಿಳಿ ಪೆನ್ಸಿಲ್ ಗೆರೆ ಅಲ್ಲಿಗೆ ಮಾಯ. ನೀವು ಉಳಿಸಬೇಕೆಂದಿರುವುದನ್ನೇ ಆ್ಯಪ್ ಅಳಿಸುತ್ತದೆ. ಸಾದಾ ಕ್ಯಾಮೆರಾ ಸಾಕು. ಕಿಟಕಿಯ ಪಕ್ಕದ ಬೆಳಕು, ಫ್ಲ್ಯಾಶ್ ಬೇಡ, ಹಾಳೆಗೆ ಸಮಾನಾಂತರವಾಗಿ ಹಿಡಿಯಿರಿ. ಹಾಳೆಯ ನಾಲ್ಕೂ ಮೂಲೆ ಕಾಣಬೇಕು, ಪಕ್ಕದಲ್ಲೊಂದು ಸ್ಕೇಲ್ ಇರಲಿ. ಹಿಂಬದಿಯದ್ದೂ ತೆಗೆಯಿರಿ. ಪೆನ್ಸಿಲ್ ಮಾಸಲಾಗಿದ್ದರೆ ಒಂದು ಬದಿಯಿಂದ ಓರೆಯಾಗಿ ಬೆಳಕು ಬೀಳಿಸಿ ಇನ್ನೊಂದು ಫೋಟೋ ತೆಗೆಯಿರಿ, ಒತ್ತಿ ಬರೆದ ಗೆರೆಯ ತಗ್ಗು ಕಾಣುತ್ತದೆ. ಪುಸ್ತಕಕ್ಕೆ ಬೇಕಾದ ಚಿತ್ರಗಳನ್ನು ಚಪ್ಪಟೆ ಸ್ಕ್ಯಾನರ್ ಮೇಲೆ ಕನಿಷ್ಠ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ), ಅಂಚಿನ ಪುಟ್ಟ ಚಿತ್ರಗಳನ್ನು 600ರಲ್ಲಿ ಮಾಡಿಸಿ. ಉದುರುವ ಬಣ್ಣದ ಹಾಳೆಯನ್ನು ಸ್ಕ್ಯಾನರ್ ಮೇಲೆ ಬೋರಲು ಹಾಕಬೇಡಿ. ಪ್ರತಿಗಳು ಒಬ್ಬರ ಮೊಬೈಲಿನಲ್ಲಷ್ಟೇ ಉಳಿಯಬಾರದು.

ಪುಸ್ತಕದ ಆಸೆಗೆ ಒಂದು ಕಾನೂನಿನ ಕೊಂಡಿ ಇದೆ. ನಾನು ವಕೀಲೆಯಲ್ಲ, ಕೆಲಸದಲ್ಲಿ ಪದೇ ಪದೇ ಎದುರಾಗುವ ವಿಷಯ ಅಂತ ಹೇಳುತ್ತಿದ್ದೇನೆ. ಟ್ರಂಕು ನಿಮಗೆ ಸಿಕ್ಕಿತು ಅಂದರೆ ಚಿತ್ರ ಅಚ್ಚು ಹಾಕುವ ಹಕ್ಕೂ ಸಿಕ್ಕಿತು ಅಂತ ಅರ್ಥವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಕಲಾವಿದರ ಕಾಲಾನಂತರವೂ 60 ವರ್ಷ ಉಳಿಯುತ್ತದೆ, ಸಾಮಾನ್ಯವಾಗಿ ವಾರಸುದಾರರ ಬಳಿ. ಕೃತಿಯನ್ನು ವಿರೂಪ ಮಾಡಿದರೆ ಪ್ರಶ್ನಿಸುವ ಹಕ್ಕೂ ಅದೇ ಕಾಯ್ದೆಯ 57ನೇ ಕಲಮಿನಲ್ಲಿದೆ. ಬಣ್ಣ ತುಂಬುವ ಮಾತಿಗೆ ಅದೂ ಸಂಬಂಧಪಟ್ಟದ್ದೇ. ಅಭ್ಯಾಸದ ಹಾಳೆಯ ಚಿತ್ರ ಬಿಡಿಸಿದ ವಿದ್ಯಾರ್ಥಿಯದು. ಅಂಚಿನ ಚಿತ್ರ ಕೆಲಸದ ಭಾಗವಾಗಿ ಮಾಡಿದ್ದು ಅಂತ ವಕೀಲರು ಶಾಲೆಯ ಹೆಸರನ್ನೂ ಎತ್ತಬಹುದು. ಗಾಬರಿಯಾಗಬೇಡಿ. ಅಕ್ಕೋರ ಮಗ, ಮಗಳಿಂದ ಒಂದು ಪತ್ರ, ಶಾಲೆಯಿಂದ ಒಂದು ಪತ್ರ, ಹಾಳೆಯ ಮಾಲೀಕರಾದ ಸಹಪಾಠಿಗಳಿಂದ ಒಪ್ಪಿಗೆ. ಫೋನಿನಲ್ಲಿ ಆಯ್ತು ಅಂದರೆ ಸಾಲದು, ಬರವಣಿಗೆಯಲ್ಲಿರಲಿ. ಟ್ರಂಕನ್ನು ನಿಮಗೆ ಪೂರ್ತಿ ಕೊಟ್ಟದ್ದೋ, ನೋಡಿಕೊಳ್ಳಲು ಕೊಟ್ಟದ್ದೋ ಅನ್ನುವುದನ್ನೂ ಅದೇ ಪತ್ರದಲ್ಲಿ ಸ್ಪಷ್ಟ ಮಾಡಿಕೊಳ್ಳಿ. ಮುಂದೆ ಮನಸ್ತಾಪ ಬರುವುದು ಇಂಥ ಜಾಗದಲ್ಲೇ.

ಜಾತ್ರೆಯ ಹೊತ್ತಿಗೆ ಪ್ರದರ್ಶನ ಇಡುವ ಯೋಚನೆ ಕಾಗದದ ದೃಷ್ಟಿಯಿಂದ ಒಳ್ಳೆಯದೇ. ಫೆಬ್ರವರಿ, ಮಾರ್ಚಿನಲ್ಲಿ ಗಾಳಿ ಒಣಗಿರುತ್ತದೆ. ಧೂಳು, ಜನಜಂಗುಳಿ ಜಾಸ್ತಿ, ಅಷ್ಟೇ. ಹೆಚ್ಚಿನವನ್ನು ಒಳ್ಳೆಯ ಪ್ರಿಂಟ್ ಮಾಡಿಸಿ ತೂಗುಹಾಕಿ. ಬೇಕಿದ್ದರೆ ಪ್ರಿಂಟ್‌ಗಳಿಗೆ ಲ್ಯಾಮಿನೇಷನ್ ಮಾಡಿಸಿ, ಆ ಗೆಳೆಯರ ಆಸೆಯೂ ತೀರಲಿ. ಮೂಲ ಹಾಳೆಗಳು ಕೆಲವೇ ಇರಲಿ, ಬಿಸಿಲು ಬೀಳದ ಗೋಡೆಯ ಮೇಲೆ, ಜಾತ್ರೆ ಮುಗಿದ ಕೂಡಲೇ ಇಳಿಸುವ ಹಾಗೆ. ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಚಿತ್ರ ಕಾಣುವಂತೆ ಮಧ್ಯ ಖಾಲಿ ಬಿಟ್ಟ, ಆಮ್ಲ ಇಲ್ಲದ ರಟ್ಟಿನ ಚೌಕ ಬೇಕು. ಹಿಂದೆ ಹಾರ್ಡ್‌ಬೋರ್ಡ್, ಪ್ಲೈವುಡ್ ನೇರ ತಾಗಿಸಬೇಡಿ, ಅವುಗಳ ಆಮ್ಲವೂ ಕಾಗದಕ್ಕೆ ಇಳಿಯುತ್ತದೆ. ಅಂಗಡಿಯವರು ಹಾಳೆಯನ್ನು ರಟ್ಟಿಗೆ ಪೂರ್ತಿ ಅಂಟಿಸಿಬಿಡುವುದು ರೂಢಿ. ಬೇಡ ಅಂತ ಮೊದಲೇ ಹೇಳಿ, ಎದುರಿಗೆ ನಿಂತು ಮಾಡಿಸಿ.

ಪುಸ್ತಕಕ್ಕೂ, ಗೋಡೆಯ ಟಿಪ್ಪಣಿಗಳಿಗೂ ಒಂದು ಮಾತು. ನಮ್ಮ ಸಂಸ್ಮರಣ ಗ್ರಂಥಗಳಲ್ಲಿ ಎಲ್ಲರೂ ಮಹಾನ್ ಚೇತನಗಳೇ, ಎಲ್ಲರೂ ಸರಳ ಸಜ್ಜನಿಕೆಯ ಸಾಕಾರ ಮೂರ್ತಿಗಳೇ. ಓದಿ ಮುಗಿಸಿದ ಮೇಲೆ ಆ ಮನುಷ್ಯರು ಹೇಗಿದ್ದರು ಅಂತ ಗೊತ್ತಾಗಿರುವುದಿಲ್ಲ. ನೀವು ಹಾಗೆ ಬರೆಯಬೇಡಿ. ಪ್ರತಿಯೊಬ್ಬರ ಕೈಗೂ ಅವರದೇ ಒಂದು ಹಳೇ ಹಾಳೆಯ ಪ್ರಿಂಟ್ ಕೊಟ್ಟು, ಈ ಅಂಚಿನ ಚಿತ್ರ ಬಿಡಿಸುವಾಗ ಅಕ್ಕೋರು ಏನಂದರು, ನೀವು ಏನು ತಿದ್ದಿದಿರಿ ಅಂತಷ್ಟೇ ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕರಿಹಲಗೆಯ ಮೇಲೆ ಬಣ್ಣದ ಚಾಕಿನಲ್ಲಿ ಬಿಡಿಸಿ ಮರುದಿನ ಒರೆಸಿದ್ದು, ಪೆನ್ಸಿಲ್ ಚೂಪು ಮಾಡುತ್ತಿದ್ದ ರೀತಿ, ಯಾರಿಗೆ ಬೈಯುತ್ತಿದ್ದರು, ಯಾರಿಗೆ ಬೈಯದೆ ಬಿಡುತ್ತಿದ್ದರು ಅನ್ನುವುದು ಯಾವ ಟ್ರಂಕಿನಲ್ಲೂ ಇಲ್ಲ. ಅದನ್ನು ಹೇಳಬಲ್ಲವರು ನೀವಷ್ಟೇ. ಅಕ್ಕೋರ ಜೊತೆ ಕೆಲಸ ಮಾಡಿದ ಹಿರಿಯ ಮಾಸ್ತರರು ಯಾರಾದರೂ ಇದ್ದರೆ ಅವರ ಮನೆಗೆ ಮೊದಲು ಹೋಗಿ.

ಕೊನೆಗೆ ಖರ್ಚಿನ ವಿಷಯ. ಇಡೀ ಟ್ರಂಕನ್ನು ಸಂರಕ್ಷಕರ ಹತ್ತಿರ ತರುವ ಅಗತ್ಯ ಇಲ್ಲ. ಅಂಟಿಕೊಂಡ ಹಾಳೆಗಳು, ಬಣ್ಣ ಉದುರುತ್ತಿರುವ ಚಿತ್ರಗಳು, ಅಂಚಿನ ಚಿತ್ರದ ಮೇಲೆಯೇ ಟೇಪು ಬಿದ್ದಿರುವ ಹಾಳೆಗಳು, ಈ ಮೂರು ಬಗೆಯವನ್ನು ಮಾತ್ರ ಬೇರೆ ಮಾಡಿ. ಬೆಂಗಳೂರಿನಲ್ಲಿ, ಪರಂಪರೆಯ ವಸ್ತು, ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಎಲ್ಲಿಗೇ ಹೋದರೂ ಮೊದಲು ಫೋಟೋ ಕಳಿಸಿ, ಏನು ಮಾಡುತ್ತಾರೆ, ಎಷ್ಟಾಗುತ್ತದೆ ಅಂತ ಬರೆದು ತರಿಸಿಕೊಳ್ಳಿ. ತೊಳೆದು ಬೆಳ್ಳಗೆ ಮಾಡಿಕೊಡುತ್ತೇವೆ ಅಂತ ಒಂದೇ ಮಾತಿನಲ್ಲಿ ಹೇಳುವವರಿಗೆ ಕೊಡಬೇಡಿ. ಅಂಚಿನ ಪೆನ್ಸಿಲ್ ಗೆರೆ ಮತ್ತು ಹಿಂಬದಿಯ ಬರಹ ಹಾಗೇ ಉಳಿಯಬೇಕು ಅಂತ ನಿಮ್ಮ ಕಡೆಯಿಂದಲೂ ಬರೆದುಕೊಡಿ. ತರುವಾಗ ಸುರುಳಿ ಸುತ್ತಬೇಡಿ, ಬಸ್ಸಿನ ಪಾರ್ಸೆಲ್ಲಿಗೆ ಹಾಕಬೇಡಿ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿಟ್ಟು, ಮಳೆ ನಿಂತ ಮೇಲೆ ಯಾರಾದರೂ ಕೈಯಲ್ಲೇ ಹಿಡಿದುಕೊಂಡು ಬನ್ನಿ.